ಪಾಲಿಶ್ ಹಾಕಿದ ಸೋಲಾರು

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಹಾಸ್ಟೆಲಿನ ಊಟ ಒಗ್ಗಿತಾ? ವಾರ್ಡಿನಲ್ಲಿ ದಿನವಿಡೀ ನಿಂತು ಕಾಲು ಊದುತ್ತದೆ ಎಂದಿದ್ದೆ, ಮಲಗುವಾಗ ಕಾಲಡಿಗೆ ದಿಂಬು ಇಟ್ಟುಕೋ. ನರ್ಸ್ ಆಗುವವಳಿಗೆ ನಾನು ಹೇಳಿಕೊಡುವುದು ಅತಿಯಾಯಿತು, ಆದರೂ ಬಾಯಿ ಕೇಳಬೇಕಲ್ಲ.

ಈಗ ಹೊಟ್ಟೆ ತಣ್ಣಗಾಗುವ ಸುದ್ದಿ. ನಮ್ಮ ಸೋಲಾರು ಸರಿಹೋಯಿತು. ಬೀದಿಯಲ್ಲಿ ಕರೆಂಟು ಹೋದರೂ ನನ್ನ ಉಸಿರಾಟದ ಮಿಷನ್ನು ಬೆಳಗಿನ ತನಕ ನಿಲ್ಲದೆ ಓಡುತ್ತಿದೆ. ಹೋದ ತಿಂಗಳು ಬ್ಯಾಟರಿ ಕೈಕೊಟ್ಟು, ನಿಮ್ಮಪ್ಪ ನನ್ನನ್ನು ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಒಯ್ದದ್ದು ಕೇಳಿ ನೀನು ಅತ್ತುಬಿಟ್ಟಿದ್ದೆ. "ಓದೂ ಬೇಡ ಏನೂ ಬೇಡ, ಬಂದುಬಿಡ್ತೀನಮ್ಮಾ" ಎಂದೆಯಲ್ಲ, ಉಸಿರು ಕಟ್ಟಿದ್ದಕ್ಕಿಂತ ಆ ಮಾತೇ ನನಗೆ ಹೆಚ್ಚು ಸಂಕಟ ಕೊಟ್ಟಿತು.

ಇಷ್ಟಕ್ಕೆಲ್ಲ ಕಾರಣ ಯಾರು ಗೊತ್ತಾ? ನಿಮ್ಮಪ್ಪ! ಹೊರಡುವಾಗ ಟೆರೇಸಿನ ಪ್ಯಾನಲ್ ಒರೆಸುವ ಕೆಲಸವನ್ನು ನೀನು ಅವರಿಗೆ ಒಪ್ಪಿಸಿದೆ. ಜೀವಮಾನವೆಲ್ಲ ಮೇಜು, ಕುರ್ಚಿ, ಬೀರುಗಳಿಗೆ ಪಾಲಿಶ್ ಹಾಕಿದ ಕೈ ಅದು, ಬರೀ ನೀರಿನಲ್ಲಿ ಒರೆಸಿ ಸುಮ್ಮನಿರುತ್ತದೆಯೇ? ಗಾಜು ಮಂಕಾಗಿದೆ ಎಂದು ಮರಕ್ಕೆ ಹಾಕುವ ಮೇಣದ ಪಾಲಿಶನ್ನು ಬಳಿದು, ಮುಖ ಕಾಣುವಷ್ಟು ಉಜ್ಜಿದ್ದಾರೆ. ಬಿಸಿಲಿಗೆ ಮೇಣ ಅಂಟಂಟಾಗಿ, ರಸ್ತೆಯ ಧೂಳೆಲ್ಲ ಅಲ್ಲೇ ಠಿಕಾಣಿ ಹೂಡಿತು. ಧೂಳು ಕಂಡ ಕೂಡಲೇ ಇವರದು ಇನ್ನೊಂದು ಕೋಟು! ಬ್ಯಾಟರಿಗೆ ಚಾರ್ಜು ಎಲ್ಲಿಂದ ಬರಬೇಕು ಹೇಳು.

ಪಾಪ, ಅವರಿಗೆ ಇದು ಹೊಳೆದೇ ಇರಲಿಲ್ಲ. ಬ್ಯಾಟರಿ ಹಳತಾಯಿತೆಂದು ಅದಕ್ಕೇ ಬೈಯುತ್ತಿದ್ದರು. ಒಗೆಯಲು ಹಾಕಿದ್ದ ಒರೆಸುವ ಬಟ್ಟೆಯಲ್ಲಿ ನನಗೆ ಪಾಲಿಶ್ ವಾಸನೆ ಹೊಡೆಯಿತು. ಈ ಮೂಗು ಉಸಿರಿಗೆ ಸೋತರೂ ಆ ವಾಸನೆಯನ್ನು ಮರೆಯುತ್ತದೆಯೇ? "ಏನ್ರೀ, ಅಂಗಡಿ ಮುಚ್ಚಿ ಎಷ್ಟು ಕಾಲ ಆಯ್ತು, ಇದ್ಯಾವ ಮೇಜು?" ಎಂದೆ. "ಮೇಜಲ್ಲ ಕಣೇ, ಸೋಲಾರು! ಹೊಳೆದಷ್ಟೂ ಬಿಸಿಲು ಜಾಸ್ತಿ ಎಳೆಯುತ್ತೆ" ಎಂದರು, ಹೆಮ್ಮೆಯಿಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸೋಲಾರು ಹಾಕಿಕೊಟ್ಟವರಿಗೆ ಫೋನು ಮಾಡಿದೆವು. ಅವರು ವಿವರಿಸಿದ ಮೇಲೆ ಇವರ ಮುಖ ಇಷ್ಟೇ ಇಷ್ಟಾಯಿತು. "ನನ್ನ ಕೈಯಾರೆ ನಿನ್ನ ಉಸಿರು ನಿಲ್ಲಿಸ್ತಿದ್ದೆನಲ್ಲೇ" ಎನ್ನುತ್ತಾ ಮೆಟ್ಟಿಲ ಮೇಲೆ ಕುಸಿದು ಕೂತರು. ನನಗೂ ಕಣ್ಣು ತುಂಬಿತು. ಆದರೂ ಗದರಿಸಿ ಎಬ್ಬಿಸಿದೆ.

ಗಾಜು ತಣ್ಣಗಿರುವ ಬೆಳಗಿನ ಹೊತ್ತು, ತೆಳುವಾದ ಸೋಪಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ ಸಾಕಂತೆ. ನಿಮ್ಮಪ್ಪ ದಿನಾ ಬೆಳಿಗ್ಗೆ ಟೆರೇಸು ಹತ್ತಿ, ಮಗುವಿಗೆ ಸ್ನಾನ ಮಾಡಿಸುವ ಹಾಗೆ ಒರೆಸಿ ಒರೆಸಿ ಮೇಣವನ್ನೆಲ್ಲ ಬಿಡಿಸಿದರು. ಈಗ ಸಂಜೆಯೊಳಗೆ ಬ್ಯಾಟರಿ ಭರ್ತಿ. ಇಷ್ಟು ದಿನ ರಾತ್ರಿಯೆಲ್ಲ ಮಿಷನ್ನಿನ ದೀಪ ನೋಡುತ್ತಾ ಕೂತಿರುತ್ತಿದ್ದವರು ನಿನ್ನೆ ಹಾಸಿಗೆಗೆ ಬಿದ್ದದ್ದೇ ತಡ, ಗೊರಕೆ! ಆ ಸದ್ದು ಕೇಳಿ ನನಗೆ ಎಷ್ಟು ಸಮಾಧಾನವಾಯಿತು ಅಂತೀಯ.

ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಎಲ್ಲ ಒಳಿತಾಗಲಿ ಕಂದಾ.

ಇಂತಿ,
ಹಾಯಾಗಿ ಉಸಿರಾಡುತ್ತಿರುವ ನಿನ್ನ ಅಮ್ಮ

ತಾ.ಕ.: ಫೋನಿನಲ್ಲಾದರೆ ಇಬ್ಬರೂ ಅಳುತ್ತೇವೆ, ಅದಕ್ಕೇ ಈ ಕಾಗದ. ವಾಪಸ್ ಬರಲು ತೆಗೆಸಿದ ಟಿಕೆಟನ್ನು ಇದು ಕೈಸೇರಿದ ಕೂಡಲೇ ರದ್ದು ಮಾಡು. ಓದು ಬಿಟ್ಟು ಬಂದರೆ ನಾನಂತೂ ಬಾಗಿಲು ತೆಗೆಯುವುದಿಲ್ಲ. ನಿಮ್ಮಪ್ಪ ಓಡಿಬಂದು ತೆಗೆದುಬಿಡುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ, ಬರಲೇಬೇಡ.