ಬಾಗಿಲ ಹಿಡಿಕೆಯ ಮೇಲಿನ ವಿಭೂತಿ

ಥಾರ್ನ್‌ಕ್ಲಿಫ್ ಪಾರ್ಕ್,
೧೪ ನವೆಂಬರ್ ೨೦೨೪

ಪ್ರೀತಿಯ ದೀಪಕ್ಕ,

ಅಜ್ಜಿ ಬಾಗಿಲು ತೆಗೆದು ಹೊರಗೆ ಹೋದ ದಿನ ನೀನು ಬಾಗಿಲ ಅಲಾರಂ ಹಾಕಿಯೇ ಇಟ್ಟಿದ್ದೆ. ಸ್ವಿಚ್ ಆರಿಸಿದವನು ನಾನು, ಅವಳು ಹೋದ ಮೇಲೆ. ಮೂರು ವರ್ಷದಿಂದ ಇದನ್ನು ಮುಚ್ಚಿಟ್ಟಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಎತ್ತುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಅಲಾರಂ ಕಟ್ಟಿದ ವಾರ ನೆನಪಿದೆಯೇ? ನಾನು ಹನ್ನೊಂದನೇ ಗ್ರೇಡಿಗೆ ಶಾಲೆ ಬಿಟ್ಟು ಮನೆಯಲ್ಲಿದ್ದೆ. ಮರೆವು ಹೆಚ್ಚಾಗಿ ಅಜ್ಜಿ ಎರಡು ಸಲ ಒಬ್ಬಳೇ ಲಿಫ್ಟಿನ ತನಕ ಹೋಗಿದ್ದಳು. ನೀನು ಲೈಬ್ರರಿಯಿಂದ ಪುಸ್ತಕ ತಂದು ಚಿತ್ರ ಬಿಡಿಸಿ ತೋರಿಸಿದೆ. ಅಡುಗೆಮನೆಯ ಟೇಬಲ್ಲಿನ ಮೇಲೆ ಬೆಸುಗೆ ಹಾಕಿದವನು ನಾನು. ಎರಡು ಟ್ರಾನ್ಸಿಸ್ಟರ್, ಒಂದು ಬಜರ್, ಒಂಬತ್ತು ವೋಲ್ಟಿನ ಬ್ಯಾಟರಿ, ಹಾಕಿ ಆರಿಸಲು ಒಂದು ಸ್ವಿಚ್. ಬಾಗಿಲ ಹಿಡಿಕೆಗೆ ಟೇಪು ಸುತ್ತಿ, ಮೇಲೆ ಒಂದಕ್ಕೊಂದು ತಾಗದಂತೆ ಎರಡು ತಾಮ್ರದ ಪಟ್ಟಿ. ಎರಡನ್ನೂ ಬೆರಳು ಮುಟ್ಟಿದರೆ ಚರ್ಮದ ಪಸೆಯಲ್ಲೇ ಚೂರು ಕರೆಂಟು ಹರಿದು ಬಜರ್ ಕೂಗುತ್ತಿತ್ತು. ಮೊದಲ ಸಲ ಕೂಗಿದಾಗ ಅಜ್ಜಿ, ಇದ್ಯಾಕೋ ನಿಜಗುಣ, ನಾ ಮುಟ್ಟಿದ್ರ ಕೂಸಿನಂಗ ಅಳತೈತಲ್ಲೋ ಅಂದಳು. ನೀನು ನಕ್ಕು ನಕ್ಕು ನೆಲದ ಮೇಲೇ ಕೂತುಬಿಟ್ಟೆ. ಅಪ್ಪ ಎದುರುಮನೆಯವರನ್ನು ಕರೆದು, ದೇಖೋ ಭಾಯ್, ಮೇರಾ ಬೇಟಾ ಬನಾಯಾ ಅಂತ ತನ್ನ ಹರಕು ಹಿಂದಿಯಲ್ಲಿ ಹೇಳಿ ನಾಲ್ಕು ಸಲ ಕೂಗಿಸಿದ. ಶಾಲೆ ಬಿಟ್ಟ ಮೇಲೆ ಅವನು ನನ್ನ ಬಗ್ಗೆ ಹೆಮ್ಮೆಪಟ್ಟದ್ದು ಅದೊಂದೇ ಸಲ.

ಅಜ್ಜಿ ಹೊರಗೆ ಹೋದ ಆ ಜನವರಿಯ ಬೆಳಿಗ್ಗೆ ನಾನು ಹಾಲು ತಂದಾಗ ಬಾಗಿಲು ತೆರೆದಿತ್ತು. ನೀನು ಕೋಣೆಯಲ್ಲಿ ಓದುತ್ತಿದ್ದೆ. ಸ್ವಿಚ್ ಹಾಕಿಯೇ ಇತ್ತು, ತಾಮ್ರದ ಪಟ್ಟಿಯ ಮೇಲೆ ಬೆರಳಿನ ಬಿಳಿ ಗುರುತು. ಅಜ್ಜಿ ಲಿಂಗಪೂಜೆಯಿಂದ ಎದ್ದು ಹಾಗೇ ನಡೆದಿದ್ದಳು, ಕೈಯೆಲ್ಲ ಒಣ ವಿಭೂತಿ. ಹೀಟರಿನ ಗಾಳಿಗೆ ಚರ್ಮವೂ ಒಣಗಿತ್ತು. ಕರೆಂಟು ಹರಿಯದೆ ಬಜರ್ ಕೂಗಿರಲಿಲ್ಲ. ನಾನು ಅವಳ ಕೈಯಿಂದ ಮುಟ್ಟಿಸಿ ನೋಡುತ್ತಿದ್ದದ್ದು ಯಾವಾಗಲೂ ಊಟವಾಗಿ ಕೈತೊಳೆದ ಮೇಲೆ. ಪೂಜೆಯ ಹೊತ್ತು ನನಗೆ ಹೊಳೆದೇ ಇರಲಿಲ್ಲ.

ಅಕ್ಕ, ನಾನು ಅಜ್ಜಿಯನ್ನು ಹುಡುಕಲು ಓಡುವ ಮೊದಲು ಆ ಗುರುತು ಒರೆಸಿದೆ. ಸ್ವಿಚ್ ಆರಿಸಿದೆ. ಆಮೇಲೆ ಓಡಿದೆ.

ಬಸ್ ಸ್ಟಾಪಿನಲ್ಲಿ ಕೋಟಿಲ್ಲದೆ ಕೂತಿದ್ದವಳು, ಧಾರವಾಡದ ಬಸ್ ಹೋತೇನೋ ಅಂತ ಕೇಳಿದಳು. ಚಳಿಗೆ ಎರಡು ಬೆರಳು ಕಪ್ಪಾಗಿ, ಕಡೆಗೆ ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ಅಪ್ಪ ನಿನಗೆ, ಸಾಲಿ ಬಿಟ್ಟಾಂವ ಮಾಡಿದ್ದು ನೆಟ್ಟಗ ಐತಿ, ಯೂನಿವರ್ಸಿಟಿಗೆ ಹೋಗಾಕಿಗೆ ಒಂದ್ ಸ್ವಿಚ್ ಹಾಕಾಕ ಬರಲಿಲ್ಲ ಅಂದ. ಹಾಕಿದ್ದೆ ಅಂತ ನೀನು ಎಷ್ಟು ಹೇಳಿದರೂ ಕೇಳಲಿಲ್ಲ. ನೀನು ನನ್ನ ಮುಖ ನೋಡಿದೆ. ನಾನು ತಲೆ ತಗ್ಗಿಸಿದೆ. ಅವನು ನನ್ನನ್ನು ಹೊಗಳುತ್ತಿದ್ದ, ಅದನ್ನು ಬಿಟ್ಟುಕೊಡಲು ಆಗಲಿಲ್ಲ.

ಅದಾದ ಮೇಲೆ ನೀನು ಮನೆ ಬಿಟ್ಟು ಒಟ್ಟಾವಾಕ್ಕೆ ಹೋದೆ. ಹೋದ ವರ್ಷ ಅಜ್ಜಿ ತೀರಿಕೊಂಡಾಗ ಬಂದರೂ ನೀನೂ ಅಪ್ಪನೂ ಮಾತಾಡಲಿಲ್ಲ. ನಾನು ಮಧ್ಯದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಮನೆಗೆ ಬಾ ಅಂತ ಕರೆಯುವ ಮುಖ ನನಗಿಲ್ಲ.

ನಿನ್ನ ತಮ್ಮ,
ನಿಜಗುಣ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಇದನ್ನು ಅಪ್ಪನಿಗೆ ಓದಿ ಹೇಳಿದೆ. ಆಮೇಲೆ, ಆಕಿ ನನ್ನ ಒಳಗ ಕರೀತಾಳೇನಪಾ ಅಂತ ಕೇಳಿದ. ಗೊತ್ತಿಲ್ಲ ಅಂದೆ. ಹಂಗಾರ ನಾನ ಹೋಗಿ ನೋಡ್ತೀನಿ ಅಂದ. ಹಾಗಾಗಿ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ, ಅವನೇ ತಂದು ಕೊಡುತ್ತಾನೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಾನೆ.