ಎಡಗಿವಿಯ ಮೆಷಿನ್

ಭಾನುವಾರ, ಮಧ್ಯಾಹ್ನ

ನನ್ನ ಮೆಣಸಿನಕಾಯಿಗೆ ಅಮ್ಮನ ಮುತ್ತುಗಳು.

ನೀನು ಚೆನ್ನಾಗಿದ್ದೀಯ, ಅದು ನನಗೆ ಗೊತ್ತು. ಆಗಾಗ ವಾಯ್ಸ್ ಮೆಸೇಜ್ ಕಳಿಸುತ್ತೀಯಲ್ಲ. ನಾನೂ ತಪ್ಪದೆ ಹೂವಿನ ಚಿತ್ರ ಕಳಿಸುತ್ತೇನೆ. ಇವತ್ತು ಮಾತ್ರ ಹೂವು ಸಾಲದು, ಹೊಟ್ಟೆ ಉರಿಯುತ್ತಿದೆ. ಟೈಪ್ ಮಾಡಲು ಕೂತರೆ ನನ್ನ ಹೆಬ್ಬೆರಳು ಒಂದೇ ಸಲ ಮೂರು ಅಕ್ಷರ ಒತ್ತುತ್ತದೆ. ಅದಕ್ಕೇ ಕಾಗದದ ಮೇಲೆ ಬರೆಯುತ್ತಿದ್ದೇನೆ. ಮಹಡಿ ಮೇಲಿನ ಮನೆಯ ನರ್ಸಮ್ಮ ಸಂಜೆ ಇದರ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸುತ್ತಾಳೆ.

ಮೊದಲು ಒಂದು ವಿಷಯ. ಬೈಯಬೇಡ. ಕಿವಿ ಸ್ವಲ್ಪ ಮಂದ ಅಂತ ನಿನಗೆ ಹೇಳಿದ್ದೆನಲ್ಲ, ಸ್ವಲ್ಪ ಅಲ್ಲ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಒಂದಿಷ್ಟು ಉಳಿದಿದೆ ಅಷ್ಟೆ. ನೀನು ಕರೆ ಮಾಡಿದಾಗಲೆಲ್ಲ ನೆಟ್‌ವರ್ಕ್ ಸರಿಯಿಲ್ಲ ಅಂತ ಕತೆ ಕಟ್ಟಿದ್ದು ಅದಕ್ಕೇ. ಹೊಲಿಗೆ ಕಾರ್ಖಾನೆಯಲ್ಲಿ ಮೆಷಿನ್ ರಿಪೇರಿ ಮಾಡುವವಳಿಗೆ ಇಷ್ಟು ಕಿವಿ ಸಾಲದು. ಒಂದೊಂದೇ ಮೆಷಿನ್ನಾದರೆ ತೊಂದರೆಯಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೆಷಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರೆ ಒಳಗಿನ ಸದ್ದೆಲ್ಲ ಸಿಗುತ್ತದೆ. ಚಿಕ್ಕವಳಿದ್ದಾಗ ನೀನೂ ಹಾಗೇ ಕೇಳಿ ಹಲ್ಲು ಕಿರಿಯುತ್ತಿದ್ದೆ. ಆದರೆ ಹೋದ ತಿಂಗಳು ನಾನು ಸ್ವಿಚ್ ಹಾಕುವಾಗ ಒಬ್ಬ ಹುಡುಗಿ "ಅಕ್ಕಾ, ಬೇಡಾ" ಅಂತ ಕಿರುಚಿದ್ದು ನನಗೆ ಕೇಳಿಸಲಿಲ್ಲ. ಸೂಜಿ ಅವಳ ಬೆರಳಿನ ಪಕ್ಕದಲ್ಲೇ ಇಳಿಯಿತು. ಸೂಪರ್‌ವೈಸರ್ ನನ್ನೆದುರು ಬಂದು ನಿಂತು, "ಮುಂದಿನ ತಿಂಗಳ ಕೊನೇವರೆಗೆ ನೋಡ್ತೀನಿ, ಆಮೇಲೆ ನೀವು ಗುಂಡಿ ಆರಿಸೋ ಟೇಬಲ್ಲಿಗೆ ಹೋಗ್ಬಿಡಿ" ಅಂದ. ಗುಂಡಿ ಆರಿಸುವುದಂತೆ! ಆ ಕಾರ್ಖಾನೆಯ ಒಂದೊಂದು ಮೆಷಿನ್ನನ್ನೂ ಬಿಚ್ಚಿ ಜೋಡಿಸಿದ ಕೈ ಇದು.

ಸರಿ ಅಂತ ಕೂಡಿಟ್ಟದ್ದನ್ನೆಲ್ಲ ಸುರಿದು ಆನ್‌ಲೈನ್ ಅಂಗಡಿಯಿಂದ ಕಿವಿಯ ಮೆಷಿನ್ ತರಿಸಿದೆ. ನಾನು ಆರ್ಡರ್ ಮಾಡಿದ್ದು ಬಲಗಿವಿಯದು. ಬಂದದ್ದು ಎಡಗಿವಿಯದು. ಬಿಲ್ಲಿನಲ್ಲೂ ಬಲ ಅಂತಲೇ ಇದೆ. ವಾಪಸ್ ತಗೊಳ್ಳಿ, ದುಡ್ಡು ಕೊಡಿ, ಬೇರೆ ಕಡೆ ಕೊಳ್ಳುತ್ತೇನೆ ಅಂದರೆ, ಸೀಲ್ ಒಡೆದಿದೆ, ಕಿವಿಯೊಳಗೆ ಹಾಕುವ ವಸ್ತು, ವಾಪಸ್ ಇಲ್ಲ ಅಂತ ಉತ್ತರ. ಸೀಲ್ ಒಡೆಯದೆ ಒಳಗಿರುವುದು ಎಡವೋ ಬಲವೋ ಅಂತ ನನಗೇನು ಕನಸು ಬೀಳುತ್ತಾ? ತಪ್ಪು ವಸ್ತು ಕಳಿಸಿದವರು ದುಡ್ಡು ವಾಪಸ್ ಕೊಡಲೇಬೇಕು, ಅದು ಗ್ರಾಹಕರ ಹಕ್ಕು ಅಂತ ನರ್ಸಮ್ಮನ ಕೈಲಿ ಬರೆಸಿ ಕಳಿಸಿದೆ. "ಪ್ರಿಯ ಗ್ರಾಹಕರೇ, ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ. ದಯವಿಟ್ಟು ಎಡಗಿವಿಗೇ ಬಳಸಿ ನೋಡಿ" ಅಂತ ಬಂತು. ಹೋದ ಕಿವಿಗೆ ಹಾಕಿಕೊಂಡು ನಾನೇನು ಒಡವೆ ಥರ ಮೆರೆಯಬೇಕಾ?

ನಾನು ಪಟ್ಟು ಬಿಡಲಿಲ್ಲ. ಆಗ, ದೂರು ದಾಖಲಾಗಬೇಕಾದರೆ ಗ್ರಾಹಕರೇ ಖುದ್ದಾಗಿ ಫೋನಿನಲ್ಲಿ ಮಾತಾಡಬೇಕು ಅಂತ ಹೊಸ ನಿಯಮ ತೆಗೆದರು. ನೋಡಿದೆಯಾ? ಕಿವಿ ಕೇಳದವಳು ತನಗೆ ಕಿವಿ ಕೇಳುವುದಿಲ್ಲ ಅಂತ ಫೋನಿನಲ್ಲಿ ಹೇಳಿ, ಅವರ ಪ್ರಶ್ನೆಯನ್ನೂ ಕೇಳಿಸಿಕೊಳ್ಳಬೇಕು! ನರ್ಸಮ್ಮ ಪಕ್ಕದಲ್ಲಿ ಕೂತು ಅವರು ಅಂದದ್ದನ್ನು ಬರೆದು ತೋರಿಸಿದಳು. ಬೇರೆಯವರು ಹೇಳಿಕೊಡುವ ಹಾಗಿಲ್ಲ ಅಂತ ಫೋನ್ ಇಟ್ಟರು. ಇನ್ನೊಂದು ಸಲ ನಾನೊಬ್ಬಳೇ ಕೂತು ಅಂದಾಜಿನ ಮೇಲೆ ಹೂಂ ಹೂಂ ಅಂದೆ. ಯಾವುದೋ ಸ್ಕೀಮಿಗೆ ನಿಮ್ಮನ್ನು ಸೇರಿಸಿದ್ದೇವೆ ಅಂತ ಆಮೇಲೆ ಮೆಸೇಜ್ ಬಂತು.

ನಿನ್ನೆ ತಲೆಗೆ ಹೊಳೆಯಿತು. ಫೋನನ್ನು ಸ್ಪೀಕರಿಗೆ ಹಾಕಿ, ಸ್ಕ್ರೂಡ್ರೈವರಿನ ತುದಿಯನ್ನು ಅದರ ಬೆನ್ನಿಗೆ ಆನಿಸಿ, ಹಿಡಿಯನ್ನು ಬಲಗಿವಿಯ ಹಿಂದೆ ಒತ್ತಿದೆ. ಕೇಳಿಸಿತು ಕಣೇ! ಕಣ್ಣಲ್ಲಿ ನೀರು ಬಂತು. ಮೊದಲು ಕೇಳಿಸಿದ್ದು "ನಿಮ್ಮ ಕರೆ ನಮಗೆ ಅಮೂಲ್ಯ" ಅನ್ನುವ ರೆಕಾರ್ಡು. ಹಾಳಾದ್ದು, ಅದೂ ಇಂಪಾಗಿತ್ತು. ಆಮೇಲೆ ಒಬ್ಬ ಹುಡುಗಿ ಬಂದು, "ಮೇಡಂ, ನಾನು ಹೇಳೋದು ಸರಿಯಾಗಿ ಕೇಳಿಸ್ತಿದೆಯಾ?" ಅಂದಳು. ನಾನು ಹಿಗ್ಗಿ ಹೀರೇಕಾಯಿಯಾಗಿ, "ಚೆನ್ನಾಗಿ ಕೇಳಿಸ್ತಿದೆಯಮ್ಮಾ!" ಅಂದೆ. "ಹಾಗಾದ್ರೆ ನಮ್ಮ ಮೆಷಿನ್ ಕೆಲಸ ಮಾಡ್ತಿದೆ ಅಂತಾಯ್ತು ಮೇಡಂ, ನಿಮ್ಮ ದೂರು ಮುಗಿಸ್ತೀನಿ" ಅಂದಳು. ಮೆಷಿನ್ ಅಲ್ಲ ತಾಯಿ, ಸ್ಕ್ರೂಡ್ರೈವರ್, ಸ್ಕ್ರೂಡ್ರೈವರ್ ಅಂತ ನಾನು ಕೂಗುವಷ್ಟರಲ್ಲಿ ಫೋನ್ ಕಟ್ಟಾಗಿತ್ತು.

ಇಷ್ಟಕ್ಕೆ ಸುಮ್ಮನಿರುವವಳಲ್ಲ ನಾನು. ಗ್ರಾಹಕರ ನ್ಯಾಯಾಲಯಕ್ಕೇ ಹೋಗುತ್ತೇನೆ. ಅರ್ಜಿ ನೀನು ಬರೆದುಕೊಡು. ನಿನ್ನಷ್ಟು ಖಾರವಾಗಿ ಜಗಳ ಆಡುವವರು ನಮ್ಮ ವಂಶದಲ್ಲೇ ಇಲ್ಲ. ಪುರುಸೊತ್ತಾದಾಗ ಬರೆದರೆ ಸಾಕು. ಅಳಿಯನನ್ನು ಕೇಳಿದೆ ಅಂತ ಹೇಳು.

ಸೋಲೊಪ್ಪದ ನಿನ್ನ
ಅಮ್ಮ

ತಾ.ಕ.: ನರ್ಸಮ್ಮ ಬರುವುದು ತಡವಾಯಿತು. ಸ್ಕ್ರೂಡ್ರೈವರ್ ಮೇಜಿನ ಮೇಲೇ ಇತ್ತು, ನಿನ್ನ ದನಿ ಕೇಳುವ ಆಸೆಯಾಯಿತು. ಎಷ್ಟೋ ತಿಂಗಳಿಂದ ನಿನ್ನ ಮೆಸೇಜು ಒಂದನ್ನೂ ನಾನು ಕೇಳಿಸಿಕೊಂಡಿರಲಿಲ್ಲ ಮಗಳೇ, ಎಲ್ಲ ಒಳ್ಳೆ ಸುದ್ದಿ ಅಂದುಕೊಂಡು ಹೂವು ಒತ್ತುತ್ತಿದ್ದೆ. ಹೋದ ವಾರ ನೀನು, "ಅಮ್ಮಾ, ಇವರ ಜೊತೆ ಇನ್ನು ಇರಕ್ಕಾಗಲ್ಲ, ಬಂದ್ಬಿಡ್ಲಾ?" ಅಂತ ಕೇಳಿದ್ದೀಯ. ನನ್ನ ಮೆಣಸಿನಕಾಯಿ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನೀನು ಹುಟ್ಟಿದಾಗಿನಿಂದ ನಾನು ಕೇಳಿಲ್ಲ. ಅದರ ಕೆಳಗೆ ನಾನು ಕಳಿಸಿದ ಗುಲಾಬಿ ಇದೆ. ಅರ್ಜಿಯೂ ಬೇಡ, ಏನೂ ಬೇಡ, ಇದನ್ನು ಓದಿದ ತಕ್ಷಣ ಹೊರಟು ಬಾ. ಬಂದಾಗ ಬಾಗಿಲು ಬಡಿಯುತ್ತಾ ನಿಲ್ಲಬೇಡ, ನನಗೆ ಕೇಳಿಸುವುದಿಲ್ಲ. ಚಿಲಕ ಹಾಕಿರುವುದಿಲ್ಲ, ತಳ್ಳಿಕೊಂಡು ಒಳಗೆ ಬಾ.