ಗೇಟಿನಾಚೆ ನಿಂತ ಬಸ್ಸು

ಕೂತವರೇ, ನಿಂತವರೇ, ಟ್ರ್ಯಾಕ್ಟರ್ ಮೇಲೆ ಹತ್ತಿ ಕತ್ತು ಚಾಚಿದವರೇ! ಶೇಂಗಾ ಸುಲಿಯೋದು ಒಂದು ಗಳಿಗೆ ನಿಲ್ಲಿಸಿ ಇತ್ತ ಕಿವಿ ಕೊಡಿ! ಈ ರಾತ್ರಿಯ ಆಟ, ಹಸಿರು ವಿಶ್ವವಿದ್ಯಾಲಯದ ಮಹಾವೈಭವ!

ಮೇಷ್ಟ್ರೇ, ಬಯಲಾಟಕ್ಕೆ ಜನ ಕೂಗಿ ಕರೆಯೋ ರೂಢಿ ಹೋಗಿಲ್ಲ ನೋಡಿ. ಕಾಗದ ಬರೆಯೋಕೆ ಕೂತರೂ ಎದುರಿಗೆ ಬಯಲು ತುಂಬ ಜನ ಇದಾರೆ ಅನ್ನೋ ಹಾಗೆ ಗಂಟಲು ಏರುತ್ತೆ. ಎಲ್ಲಿದಾರೆ ಜನ? ಇದನ್ನ ಓದಬೇಕಾದವರು ನೀವೊಬ್ಬರೇ. ನೀವೂ ಇಲ್ಲ.

ತಳಕು ಊರಿನ ಸ್ಟಾಪಿನಲ್ಲಿ ನೀವು ನಾನು ಓಡಿಸೋ ಯೂನಿವರ್ಸಿಟಿ ಬಸ್ ಹತ್ತುತ್ತಿದ್ದ ಬೆಳಗುಗಳು ನೆನಪಾಗುತ್ತವೆ. ಸೀಟು ಖಾಲಿ ಇದ್ದರೂ ನನ್ನ ಪಕ್ಕದ ಇಂಜಿನ್ ಬಾನೆಟ್ ಮೇಲೇ ಟವೆಲ್ ಹಾಸಿ ಕೂರೋರು. ನಾನು ಸ್ಟೇರಿಂಗ್ ಹಿಡಿದು ನನ್ನ ರಾಜಪಾರ್ಟಿನ ಮಾತು ಒಪ್ಪಿಸಬೇಕು, ಫಿಸಿಕ್ಸ್ ಪಾಠ ಮಾಡೋ ನೀವು ತಪ್ಪು ಹಿಡೀಬೇಕು. ಹಿಂದೆ ಕೂತ ಹುಡುಗೀರು ಕಿಸಕ್ಕಂತ ನಗೋರು. ಒಂದಿನ ಕನ್ನಡಿಯಲ್ಲಿ ಹಿಂದಿನ ಕರಿ ಹೊಗೆ ನೋಡಿ ಅಂದಿರಿ: "ಓಬಳೇಶ ಮಹಾರಾಜರೇ, ನಿಮ್ಮ ರಥದ ಹೊಗೆಗೇ ಪ್ರಜೆಗಳು ಸಾಯ್ತಾರೆ."

"ಹೊಸ ರಥ ಕೊಡಿಸ್ರಿ ಮೇಷ್ಟ್ರೇ."

"ಕೊಡಿಸ್ತೀನಿ ಕಣಯ್ಯಾ. ಯೂನಿವರ್ಸಿಟಿ ಮಾಳಿಗೆ ಮೇಲೆ ಬೀಳೋ ಬಿಸಿಲಲ್ಲೇ ಓಡೋ ಬಸ್ಸು. ಕೊಂಡ್ಲಹಳ್ಳಿಯಿಂದ ಕ್ಲಾಸಿನ ಬಾಗಿಲಿಗೆ. ಬಿಸಿಲಿಗೇನು ಬರಗಾಲವಾ ನಮಗೆ?"

ಸುಜಾತ ಮೊದಲ ದಿನ ಬಸ್ ಹತ್ತಿದ್ದು ನಿಮಗೆ ನೆನಪಿರಬೇಕು. ಕೊಂಡ್ಲಹಳ್ಳಿಯ ನೇಕಾರರ ಮಗಳು, ಒಂದು ಕಾಲಿಗೆ ಕಬ್ಬಿಣದ ಪಟ್ಟಿ. ಮೆಟ್ಟಿಲ ಹತ್ತಿರ ಅವಳು ನಾಚಿ ನಿಂತಿದ್ದಾಗ, ಅವತ್ತು ಮೊಳಕಾಲ್ಮೂರಿಂದ ನಮ್ಮ ಜೊತೆಗೇ ಬರುತ್ತಿದ್ದ ನೀವು ಎದ್ದು ಹೋಗಿ, ಅವರ ಮನೆಮಾತು ತೆಲುಗಿನಲ್ಲೇ "ಏಮ್ಮಾ, ತಿನ್ನಾವಾ?" ಅಂದಿರಿ. ಮುದ್ದೆ ತಿಂದೆ ಸಾರ್ ಅಂದಳು. "ಹಂಗಾದ್ರೆ ಹತ್ತು. ಈ ಬಸ್ಸು ನಿನ್ನ ಕ್ಲಾಸಿನ ಬಾಗಿಲವರೆಗೂ ಹೋಗ್ತೈತೆ. ಡಿಗ್ರಿ ಮುಗಿಯೋವರೆಗೂ ಹೋಗ್ತೈತೆ. ಇದು ನನ್ನ ಮಾತು."

ನಿಮ್ಮ ಮಾತು, ಮೇಷ್ಟ್ರೇ. ಅದನ್ನ ಇವರು ಏನು ಮಾಡಿದರು ಗೊತ್ತಾ?

ಸ್ಟಾಫ್ ರೂಮಿನಲ್ಲಿ ಎದೆ ಹಿಡಿದುಕೊಂಡು ಕೂತ ನೀವು ಮತ್ತೆ ಏಳಲಿಲ್ಲ. ಸಂತಾಪ ಸಭೆಯಲ್ಲಿ ದೊಡ್ಡವರೆಲ್ಲ ಕಣ್ಣೊರೆಸಿಕೊಂಡು, ಅವರ ಕನಸು ನನಸು ಮಾಡ್ತೀವಿ ಅಂದರು. ಮಾಡಿದರು! ಮಾಳಿಗೆ ತುಂಬ ಸೋಲಾರ್ ಹಲಗೆ ಬಂದವು. ಒರೆಸೋರಿಲ್ಲದೆ ಕೆಮ್ಮಣ್ಣು ಕೂತು ಈಗ ಹಂಚಿನ ಹಾಗೆ ಕಾಣ್ತವೆ. ಬಸ್ಸಿನ ಬದಲು ಒಂದು ಪುಟ್ಟ ಬ್ಯಾಟರಿ ಗಾಡಿ ಬಂತು, ಮದುವೆ ಹೆಣ್ಣಿನ ಹಾಗೆ ಹೂ ಮುಡಿಸಿದರು. ಆಮೇಲೆ ಬಂತು ಹುಕುಂ: ಡೀಸೆಲ್ ವಾಹನ ಒಳಗೆ ಬರಕೂಡದು. ನಮ್ಮ ಬಸ್ಸು ಹೈವೇ ಗೇಟಿನ ಆಚೆಗೇ ನಿಲ್ಲಬೇಕು. ಅಲ್ಲಿಂದ ಸೈನ್ಸ್ ಬ್ಲಾಕಿಗೆ ಎಷ್ಟು ದೂರ ಅಂತ ನಿಮಗೆ ಹೇಳಬೇಕಾ? ನೆರಳಿಗೆ ಒಂದು ಜಾಲಿ ಗಿಡವೂ ಇಲ್ಲ.

ಕ್ಯಾಂಪಸ್ ನೋಡಿಕೊಳ್ಳೋ ಆಫೀಸರ್ ಹತ್ತಿರ ಹೋದೆ. "ಸಾ, ಬಸ್ಸು ಬ್ಯಾಡಂದ್ರೆ ಬ್ಯಾಡ. ಆ ಬ್ಯಾಟರಿ ಗಾಡೀನಾದ್ರೂ ಬೆಳಿಗ್ಗೆ ಗೇಟಿಗೆ ಕಳಿಸ್ರಿ."

"ಅದು ಗೆಸ್ಟ್‌ಗಳಿಗೆ ಕಣಯ್ಯಾ. ಹುಡುಗ್ರು ಹತ್ತಿದ್ರೆ ಸೀಟು ಉಳೀತವಾ?"

"ಗೇಟಿನಾಗೆ ಬಿಟ್ಟ ಹೊಗೆ ಒಳಕ್ಕೆ ಬರಂಗಿಲ್ವಾ ಸಾ?"

"ಕಾಂಪೌಂಡ್ ಒಳಗಿಂದಷ್ಟೇ ನಮ್ಮ ಜವಾಬ್ದಾರಿ. ನಿನ್ನ ನಾಟಕ ಇಲ್ಲಿ ಬ್ಯಾಡ."

ನಾಟಕವಂತೆ! ನಮ್ಮ ಆಟದಲ್ಲಿ ಪರದೆ ಬದಲಿಸಿದರೆ ಅರಮನೆ ಹೋಗಿ ಕಾಡು ಬರುತ್ತೆ, ನಿಜ. ಆದರೆ ಅದು ಬಣ್ಣದ ಬಟ್ಟೆ ಅಂತ ಮುಂದೆ ಕೂತ ಮುದುಕಿಗೂ ಗೊತ್ತು. ಹೋದ ವಾರ ಅದೇ ಆಫೀಸರ್ ಕರೆಸಿ ಕೇಳಿದ್ದೇನು ಅಂತೀರಿ? ಹಸಿರು ಕ್ಯಾಂಪಸ್ ಅಂತ ಸರ್ಟಿಫಿಕೇಟ್ ಕೊಡೋ ಸಮಿತಿ ಬರುತ್ತಂತೆ, ನೆಟ್ಟ ಸಸಿ ಎಲ್ಲಾ ಒಣಗಿವೆಯಂತೆ, ಫೋಟೋಕ್ಕೆ ಹಿಂದೆ ಕಟ್ಟೋಕೆ ನಮ್ಮ ಆಟಕ್ಕೆ ಪರದೆ ಬಾಡಿಗೆ ಕೊಡೋ ಚಳ್ಳಕೆರೆ ಸೀನರಿಯವರ ಕಾಡಿನ ಪರದೆ ಬೇಕಂತೆ!

"ಸಾ, ಅದರಾಗೆ ಜಲಪಾತ ಐತೆ. ಪಕ್ಕದಾಗೆ ಹುಲಿ ಐತೆ."

"ಜಲಪಾತ ಇರ್ಲಿ ಬಿಡು. ಹುಲಿ ಮುಂದೆ ಗಾಡಿ ನಿಲ್ಸಿದ್ರಾಯ್ತು."

ನೀವಿದ್ದಿದ್ದರೆ ಬಿದ್ದೂ ಬಿದ್ದೂ ನಗ್ತಿದ್ದಿರಿ. ನಾನೂ ನಕ್ಕೆ. ಆಮೇಲೆ...

ಇವತ್ತು ಸಂಜೆ ಕೊಂಡ್ಲಹಳ್ಳಿಯಲ್ಲಿ ಇಳಿಯೋವಾಗ ಸುಜಾತ ನನ್ನ ಹತ್ತಿರ ನಿಂತಳು. "ಓಬಳೇಶಣ್ಣ, ನಾಳಿಂದ ನನಗೆ ಕಾಯಬ್ಯಾಡ."

"ಯಾಕವ್ವಾ?"

"ನಾನು ನಡಕೊಂಡು ಹೋಗಿ ಸೇರೋ ಹೊತ್ತಿಗೆ ಮೊದಲ ಕ್ಲಾಸು ಮುಗಿದಿರ್ತೈತೆ. ಹಾಜರಿ ಸಾಲಲ್ಲ, ಪರೀಕ್ಷೆಗೆ ಕೂರಿಸಲ್ಲ ಅಂದ್ರು. ಪಟ್ಟಿ ಉಜ್ಜಿ ಉಜ್ಜಿ ತೊಡೆ ಹುಣ್ಣಾಗೈತೆ. ಮನ್ಯಾಗೆ ಮಗ್ಗಕ್ಕೆ ಕಂಡಿಕೆ ಸುತ್ತುತಾ ಕೂತ್ಕೋತೀನಿ. ರೇಷ್ಮೆ ನೂಲು ಸುತ್ತೋಕೆ ಕಾಲು ಬ್ಯಾಡ."

ಅಳಲಿಲ್ಲ ಮೇಷ್ಟ್ರೇ. ಅತ್ತಿದ್ದರೆ ಸಮಾಧಾನವಾದರೂ ಹೇಳಬಹುದಿತ್ತು. ಇಡೀ ಬಯಲಿಗೆ ಕೇಳೋ ಕಂಠ ನನ್ನದು ಅಂತಿದ್ದಿರಲ್ಲ. ಅದರಿಂದ ಹೊರಟಿದ್ದು ಇಷ್ಟೇ: "ನಾಳೆ ಒಂದಿನ ಬಾರವ್ವಾ. ನನಗೋಸ್ಕರ." ಅವಳು ನನ್ನ ಮುಖ ನೋಡಿ, ಹೂಂ ಅಂದಳು.

ಯಾಕೆ ನಾಳೆ ಅಂತೀರಾ? ನಾಳೆ ಆ ಸಮಿತಿ ಬರೋ ದಿನ. ಅವರನ್ನ ಕೂರಿಸಿ ಬ್ಯಾಟರಿ ಗಾಡಿ ಓಡಿಸಿಕೊಂಡು ದಾರಿಯುದ್ದಕ್ಕೂ ಹಸಿರಿನ ಮಹಿಮೆ ಸಾರೋಕೆ, ಕಂಠ ಚೆನ್ನಾಗಿದೆ ಅಂತ, ನನ್ನನ್ನೇ ಆರಿಸಿದಾರೆ. ಪೇಟ ಬೇರೆ ಸುತ್ತಬೇಕಂತೆ. ಸುತ್ತುತ್ತೀನಿ.

ನಾಳೆ ಬೆಳಿಗ್ಗೆ ಬಸ್ಸನ್ನು ಗೇಟಿನಾಚೆಗೇ ನಿಲ್ಲಿಸ್ತೀನಿ, ಹುಕುಂ ಮೀರಲ್ಲ. ಸಮಿತಿಯವರು ಹೂಹಾರ ಹಾಕಿಕೊಂಡು ನಿಂತಿರ್ತಾರೆ. ಅವರೆದುರಿಗೇ ಸುಜಾತಳನ್ನ ಇಳಿಸಿ, ಬ್ಯಾಟರಿ ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸ್ತೀನಿ. ಜಾಗ ಇದ್ದಷ್ಟು ದೊಡ್ಡವರು ಹಿಂದೆ ಕೂರಲಿ, ಉಳಿದವರು ಮಕ್ಕಳ ಜೊತೆ ನಡೆದು ಬರಲಿ. ಆಫೀಸರ್ ಕಿರುಚಿದರೆ ಅವರ ದನಿ ಮುಳುಗೋ ಹಾಗೆ, ಈ ಗಾಡಿ ಯಾರಿಗೆ ಅಂತ, ನೀವು ಸುಜಾತಳಿಗೆ ಕೊಟ್ಟ ಮಾತು ಏನು ಅಂತ ಸಾರಿ ಹೇಳ್ತೀನಿ. ನಾಡಿದ್ದು ನನ್ನ ಕೈಗೆ ಸ್ಟೇರಿಂಗ್ ಸಿಗುತ್ತೋ ಇಲ್ಲವೋ. ಆದರೆ ನಾಳೆ ಗಾಡಿ ಸೀದಾ ಸೈನ್ಸ್ ಬ್ಲಾಕಿನ ಬಾಗಿಲಿಗೆ ಹೋಗುತ್ತೆ, ಮೊದಲ ಗಂಟೆ ಹೊಡೆಯೋಕೆ ಮುಂಚೆ. ಅವಳು ಇಳಿದು ಒಳಗೆ ಹೋಗೋವರೆಗೂ ಬ್ರೇಕಿನ ಮೇಲಿಂದ ಕಾಲು ತೆಗೆಯೋದಿಲ್ಲ.